ಕೊನೆಯವರು ಯಾರು?

1/10
ಫೋಟೋ: ಬಾಲ್ಕನಿ, ಕಪ್ಪು, ಎದುರಿಗೆ ಕಿತ್ತಳೆ ಮರ

ಈ ಫೋಟೋನ ನೀವು ಈಗಾಗಲೇ ನೋಡಿದ್ದೀರಿ. ಫೆಬ್ರವರಿಯಲ್ಲಿ ಹಾಕಿದ್ದೆ. "ಹೊಸ ಊರು, ಹೊಸ ಬೆಳಗು" ಅಂತ ಬರೆದು ಪಕ್ಕದಲ್ಲಿ ಸೂರ್ಯನ ಎಮೋಜಿ ಬೇರೆ. ನಮ್ಮ ಚಿಕ್ಕಮ್ಮ "ಸೂಪರ್ ಪುಟ್ಟಿ, ಎಂಜಾಯ್ ಮಾಡು" ಅಂತ ಕಾಮೆಂಟ್ ಹಾಕಿದ್ರು. ಇನ್ನೂರು ಚಿಲ್ಲರೆ ಲೈಕು ಬಂದಿತ್ತು.

ಫೋಟೋ ನಿಜ. ಕ್ಯಾಪ್ಷನ್ ಸುಳ್ಳು.

ಅವತ್ತು ಭಾನುವಾರ. ಕಾಫಿಪುಡಿ ತರೋಣ ಅಂತ ಕೆಳಗಿಳಿದು ಹೋದ್ರೆ ನಮ್ಮ ಬೀದಿಯ ಸೂಪರ್‌ಮಾರ್ಕೆಟ್ ಶಟರ್ ಎಳೆದಿತ್ತು. ಇಲ್ಲಿ ಭಾನುವಾರ ಬಹಳಷ್ಟು ಅಂಗಡಿ ತೆಗೆಯೋದೇ ಇಲ್ಲ ಅಂತ ನನಗೆ ಗೊತ್ತಿರಲಿಲ್ಲ. ಆ ಕಪ್ಪಿನಲ್ಲಿ ಇದ್ದಿದ್ದು ಬಿಸಿನೀರು. ಶುಕ್ರವಾರ ಸಂಜೆಯಿಂದ ನಾನು ಯಾರ ಜೊತೆಗೂ ಒಂದು ಪೂರ್ತಿ ವಾಕ್ಯ ಮಾತಾಡಿರಲಿಲ್ಲ.

ಹೊಸಬರಿಗೆ ಹೇಳ್ತೀನಿ. ನಾನು ತಿಪಟೂರಿನವಳು, ಬೆಂಗಳೂರಲ್ಲಿ ಬಿಕಾಂ ಎರಡನೇ ವರ್ಷ. ಕಾಲೇಜಿನ ಎಕ್ಸ್‌ಚೇಂಜ್‌ನಲ್ಲಿ ಒಂದು ಸೆಮಿಸ್ಟರ್ ಓದೋಕೆ ಜನವರಿ ಕೊನೆಗೆ ಸ್ಪೇನ್‌ನ ವಲೆನ್ಸಿಯಾಗೆ ಬಂದೆ. ಈಗ 2025ರ ಜೂನ್. ಪರೀಕ್ಷೆ ಮುಗಿದಿದೆ, ಸೂಟ್‌ಕೇಸ್ ಅರ್ಧ ತುಂಬಿದೆ.

"ಅಕ್ಕಾ, ಹೇಗಿದೆ ಅಲ್ಲಿ? ನಾವೂ ಅಪ್ಲೈ ಮಾಡ್ಬೇಕು" ಅಂತ ಜೂನಿಯರ್‌ಗಳು ಮೆಸೇಜ್ ಮಾಡ್ತಿದ್ದೀರಿ. ನನ್ನ ಪೋಸ್ಟ್ ನೋಡಿ ಹೊರಟು ಬಂದು ಇಲ್ಲಿ ಕೂತು ಅತ್ರೆ ಆ ಪಾಪ ನನಗೆ ಬರುತ್ತೆ. ಅದಕ್ಕೇ ಹಳೇ ಫೋಟೋಗಳನ್ನೇ ಮತ್ತೆ ಹಾಕ್ತಿದ್ದೀನಿ. ಈ ಸಲ ಕ್ಯಾಪ್ಷನ್ ಸರಿಯಾಗಿ ಬರೀತೀನಿ.

2/10
ಫೋಟೋ: ನನ್ನ ರೂಮು, ಮೂಲೆಯಲ್ಲಿ ಕಿತ್ತಳೆ ಬಣ್ಣದ ಸಿಲಿಂಡರ್

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ.

ಎಕ್ಸ್‌ಚೇಂಜ್‌ನಲ್ಲಿ ಫೀಸು ನಮ್ಮ ಕಾಲೇಜಿಗೇ ಕಟ್ಟಿದ್ದೆ, ಇಲ್ಲಿ ಮತ್ತೆ ಕಟ್ಟೋ ಹಾಗಿರಲಿಲ್ಲ. ಆದ್ರೆ ವಿಮಾನ, ಇನ್ಶೂರೆನ್ಸ್, ಬಾಡಿಗೆ, ಊಟ ಎಲ್ಲಾ ನಮ್ಮದೇ. ವೀಸಾಗೆ ತಿಂಗಳಿಗೆ 600 ಯೂರೋ ಲೆಕ್ಕದಲ್ಲಿ ಹಣ ಇದೆ ಅಂತ ತೋರಿಸಬೇಕು. ಆರು ತಿಂಗಳಿಗೆ 3,600 ಯೂರೋ, ಅಂದ್ರೆ ಮೂರು ಲಕ್ಷ ರೂಪಾಯಿಗೂ ಮೇಲೆ.

ನಮ್ಮಪ್ಪ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಬೇರೆಯವರ ಲಕ್ಷಗಳನ್ನ ದಿನಾ ಬರೀತಾರೆ, ತಮ್ಮದು ಅಂತ ಲಕ್ಷ ಇರಲಿಲ್ಲ. ಅಮ್ಮನ ಎರಡು ಬಳೆ ಬ್ಯಾಂಕಿಗೆ ಹೋದ್ವು. ಉಳಿದಿದ್ದನ್ನ ಮಂಡಿ ಯಜಮಾನರು ಕೊಟ್ರು, ಅಪ್ಪನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದುಕೊಳ್ಳೋ ಮಾತಿನ ಮೇಲೆ. ಇಲ್ಲಿ ಪಾಸಾದ ಪೇಪರಿನ ಕ್ರೆಡಿಟ್ ಮಾತ್ರ ಅಲ್ಲಿ ಸೇರುತ್ತೆ. ಫೇಲಾದ್ರೆ ವಾಪಸ್ ಹೋಗಿ ಮತ್ತೆ ಬರೀಬೇಕು. ಇದನ್ನ ತಲೇಲಿಟ್ಟುಕೊಂಡು ಮುಂದಿನದ್ದು ಓದಿ.

ರೂಮು ಬೆನಿಮಾಕ್ಲೆಟ್ ಅನ್ನೋ ಏರಿಯಾದಲ್ಲಿ. ಹಿಂದೆ ಬೇರೆ ಹಳ್ಳಿಯಾಗಿತ್ತಂತೆ, ಊರು ಬೆಳೆದು ನುಂಗಿಕೊಂಡಿದೆ. ಈಗ ತುಂಬಾ ಸ್ಟೂಡೆಂಟ್‌ಗಳಿದ್ದಾರೆ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಹೀಟರ್ ಇಲ್ಲ. ಸ್ಪೇನ್ ಅಂದ್ರೆ ಬಿಸಿಲು ಅಂದುಕೊಂಡು ಬಂದಿದ್ದೆ. ಬಿಸಿಲು ಬೀದಿಯಲ್ಲಿತ್ತು, ಚಳಿ ಮನೆಯೊಳಗಿತ್ತು. ಕಿಟಕಿಗೆ ಪೆರ್ಸಿಯಾನಾ ಅಂತ ಒಂದು ರೋಲಿಂಗ್ ಶಟರ್ ಇರುತ್ತೆ, ನಮ್ಮ ಅಂಗಡಿ ಬಾಗಿಲ ಥರ. ಅದನ್ನ ಎಳೆದರೆ ಹಗಲು ಹನ್ನೊಂದಕ್ಕೂ ನಡುರಾತ್ರಿಯ ಕತ್ತಲು. ಮೊದಲ ಕ್ಲಾಸು ನನಗೆ ತಪ್ಪಿದ್ದೇ ಹಾಗೆ.

ಅಡುಗೆಗೆ, ಸ್ನಾನದ ನೀರಿಗೆ ಸಿಲಿಂಡರ್. ಯೂರೋಪಿಗೆ ಬಂದು ಸಿಲಿಂಡರ್ ಮುಗೀತಾ ಅಂತ ಅಲ್ಲಾಡಿಸಿ ನೋಡ್ತೀನಿ ಅಂತ ಅಂದುಕೊಂಡಿರಲಿಲ್ಲ. ತಲೆಗೆ ಶಾಂಪೂ ಹಾಕಿಕೊಂಡಾಗಲೇ ಅದು ಖಾಲಿಯಾಗೋದು ಅನ್ನೋ ನಿಯಮ ಇಲ್ಲೂ ಅದೇ.

3/10
ಫೋಟೋ: ಲೈಬ್ರರಿ ಬಾಗಿಲ ಮೇಲೆ "ಸಾಲಾ 3" ಅನ್ನೋ ಬೋರ್ಡು

ಇದನ್ನ ನಗುವ ಎಮೋಜಿ ಜೊತೆ ಹಾಕಿದ್ದೆ. ಸ್ಪ್ಯಾನಿಷ್‌ನಲ್ಲಿ ಸಾಲಾ ಅಂದ್ರೆ ಕೋಣೆ, ಹಾಲ್. ಮೂರು ಲಕ್ಷದ ಸಾಲ ಮಾಡಿ ಬಂದವಳಿಗೆ ಎಲ್ಲಿ ನೋಡಿದ್ರೂ "ಸಾಲಾ 1, ಸಾಲಾ 2" ಅಂತ ಬರೆದಿದ್ರೆ ಹೇಗಿರುತ್ತೆ ಹೇಳಿ.

ಇನ್ನೊಂದು ಪದ "ವಾಲೆ". ಬರೆಯೋದು ವಾಲೆ, ಇವರ ಬಾಯಲ್ಲಿ ವ ಮತ್ತು ಬ ಎರಡೂ ಒಂದೇ, ಹಾಗಾಗಿ ಕೇಳಿಸೋದು "ಬಾಲೆ". ಸರಿ, ಆಯ್ತು, ಓಕೆ ಎಲ್ಲಕ್ಕೂ ಅದೇ. ಮೊದಲ ದಿನ ಬ್ಯಾಂಕಿನವಳು, ಬಸ್ ಡ್ರೈವರು, ಮನೆ ಓನರು ಎಲ್ಲರೂ ನನ್ನನ್ನ "ಬಾಲೆ, ಬಾಲೆ" ಅಂತಿದ್ರು. ಎಷ್ಟು ಸಂಸ್ಕಾರವಂತ ಜನ ಅನ್ನಿಸಿತ್ತು. ಆಮೇಲೆ ನಾನೂ ಎಲ್ಲದಕ್ಕೂ ಬಾಲೆ ಅನ್ನೋದು ಕಲಿತೆ. ಈ ಪದ ನೆನಪಿಟ್ಟುಕೊಳ್ಳಿ, ನನ್ನನ್ನ ಹಾಳು ಮಾಡಿದ್ದು ಇದೇ.

ಬೆಂಗಳೂರಲ್ಲಿ ಆರು ತಿಂಗಳು ಸ್ಪ್ಯಾನಿಷ್ ಸರ್ಟಿಫಿಕೇಟ್ ಕೋರ್ಸ್ ಮಾಡಿದ್ದೆ. "ನನ್ನ ಹೆಸರು ಇದು, ನನಗೆ ಒಬ್ಬ ತಮ್ಮ ಇದ್ದಾನೆ, ನನಗೆ ಸೇಬು ಇಷ್ಟ." ಇಲ್ಲಿ ಯಾರೂ ಸೇಬಿನ ಬಗ್ಗೆ ಕೇಳಲಿಲ್ಲ. ಜೊತೆಗೆ ವಲೆನ್ಸಿಯಾಗೆ ಅದರದೇ ಇನ್ನೊಂದು ಭಾಷೆ ಇದೆ, ವಲೆನ್ಸಿಯನ್. ಬೀದಿ ಹೆಸರು, ಮೆಟ್ರೋದ ಅನೌನ್ಸ್‌ಮೆಂಟ್‌ನಲ್ಲೆಲ್ಲ ಅದು ಇರುತ್ತೆ. ಒಂದು ಭಾಷೆ ಅರ್ಥವಾಗದೆ ಒದ್ದಾಡೋಳಿಗೆ ಎರಡು ಭಾಷೆಯ ಬೋರ್ಡು. ಆದ್ರೂ ಆ ಭಾಷೆ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೆಂಗಳೂರಲ್ಲಿ ಕನ್ನಡದ ಬೋರ್ಡಿಗೆ ಯಾರಾದ್ರೂ ಮುಖ ಸಿಂಡರಿಸಿದಾಗ ನನಗೆ ಏನನ್ನಿಸುತ್ತೆ ಅಂತ ಗೊತ್ತಲ್ಲ.

4/10
ಫೋಟೋ: ನೋಟ್‌ಬುಕ್ಕು, ಪೆನ್ನು, ಕ್ಲಾಸ್‌ರೂಮಿನ ಬೆಂಚು

"ಅಕೌಂಟ್ಸ್ ಎಲ್ಲಾ ಕಡೆ ಒಂದೇ" ಅಂತ ಬರೆದಿದ್ದೆ ಈ ಫೋಟೋಗೆ. ಮಹಾ ಸುಳ್ಳು.

ಇಂಗ್ಲಿಷ್ ಬ್ಯಾಚ್ ತುಂಬಿಹೋಗಿ ಫೈನಾನ್ಷಿಯಲ್ ಅಕೌಂಟಿಂಗ್ ಪೇಪರನ್ನ ಸ್ಪ್ಯಾನಿಷ್ ಬ್ಯಾಚಲ್ಲೇ ತಗೊಂಡೆ. ಲೆಕ್ಕ ತಾನೇ, ನೋಡ್ಕೊಳ್ಳೋಣ ಅಂತ. ಮೊದಲ ಲೆಕ್ಕದಲ್ಲೇ ಬಿದ್ದೆ. ಬೋರ್ಡ್ ಮೇಲೆ 12.500 ಅಂತಿತ್ತು. ನಾನು ಹನ್ನೆರಡೂವರೆ ಅಂತ ಬರ್ಕೊಂಡೆ. ಅದು ಹನ್ನೆರಡು ಸಾವಿರದ ಐನೂರು. ಇಲ್ಲಿ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಕಾಮಾ. ನಮ್ಮ ಹಾಗೆ ಲಕ್ಷಕ್ಕೆ ಕಾಮಾ ಹಾಕಿದ್ರೆ ನಿಮ್ಮ ಕಡೆ ವಿಚಿತ್ರವಾಗಿ ನೋಡ್ತಾರೆ.

ಎರಡನೇದು, ಇವರ ಖಾತೆಗಳಿಗೆ ನಂಬರ್ ಇದೆ. 2007ರಲ್ಲಿ ಸರ್ಕಾರ ಹೊರಡಿಸಿದ ಒಂದು ಲೆಕ್ಕಪತ್ರ ಯೋಜನೆ ಪ್ರಕಾರ ಕ್ಯಾಷ್ 570, ಬ್ಯಾಂಕ್ 572, ಗಿರಾಕಿಗಳು 430, ಸರಬರಾಜುದಾರರು 400. ಕ್ಲಾಸಲ್ಲಿ ಹೆಸರಿಗಿಂತ ನಂಬರೇ ಜಾಸ್ತಿ ಓಡುತ್ತೆ. ಸ್ಪ್ಯಾನಿಷ್ ನಂಬರನ್ನ ತಲೇಲಿ ಕನ್ನಡಕ್ಕೆ ತಿರುಗಿಸೋ ಹೊತ್ತಿಗೆ ಅವರು ಮೂರು ಎಂಟ್ರಿ ಮುಂದೆ ಹೋಗಿರ್ತಿದ್ರು.

ಮೂರನೇದು ಎಲ್ಲಕ್ಕಿಂತ ದೊಡ್ಡದು. ನಾವು ಪಾರ್ಟ್ನರ್‌ಶಿಪ್ ಲೆಕ್ಕದಲ್ಲಿ ಬ್ಯಾಲೆನ್ಸ್ ಶೀಟ್ ಬರೆಯೋವಾಗ ಎಡಕ್ಕೆ ಲಯಬಿಲಿಟೀಸ್, ಬಲಕ್ಕೆ ಅಸೆಟ್ಸ್ ಹಾಕ್ತೀವಲ್ಲ? ಇವರದು ತಿರುಗಾಮುರುಗಾ. ಆಸ್ತಿ ಎಡಕ್ಕೆ, ಬಂಡವಾಳ ಮತ್ತು ಸಾಲ ಬಲಕ್ಕೆ. ಕನ್ನಡಿಯಲ್ಲಿ ನೋಡಿದ ಹಾಗೆ. ಕೈ ತಾನಾಗಿ ನಮ್ಮ ಕಡೆಯ ಪದ್ಧತಿಗೇ ಎಳೀತಿತ್ತು.

ನಾಲ್ಕು ಜನರ ಗ್ರೂಪ್ ಪ್ರಾಜೆಕ್ಟ್ ಬೇರೆ ಇತ್ತು. ಗ್ರೂಪಲ್ಲಿ ಯಾರೂ ಟೈಪ್ ಮಾಡ್ತಿರಲಿಲ್ಲ, ಎಲ್ಲಾ ಮೂರು ಮೂರು ನಿಮಿಷದ ವಾಯ್ಸ್ ಮೆಸೇಜು. ನಾನು ನಾಲ್ಕು ಸಲ ಕೇಳಿ, ಅರ್ಥ ಆಗದೆ, "ಬಾಲೆ" ಅಂತ ಹೆಬ್ಬೆಟ್ಟು ಒತ್ತಿ ಕಳಿಸ್ತಿದ್ದೆ. ಸ್ವಲ್ಪ ದಿನಕ್ಕೆ ನನಗೆ ಕೆಲಸ ಹಂಚೋದನ್ನೇ ಬಿಟ್ರು. ರಿಪೋರ್ಟ್ ಮೇಲೆ ಹೆಸರು ಮಾತ್ರ ಇತ್ತು. ನಾನು ಆ ಗ್ರೂಪಿನ ಸತ್ತ ಖಾತೆ.

5/10
ಫೋಟೋ: ಕ್ಯಾಂಟೀನಿನ ತಟ್ಟೆ, ಸಲಾಡ್, ಬ್ರೆಡ್ಡು

"ಹೆಲ್ದಿ ಲೈಫ್" ಅಂತ ಹಾಕಿದ್ದೆ. ನಿಜ ಏನಂದ್ರೆ, ಮಾಂಸ ಬೇಡ ಅಂದೆ, ಟ್ಯೂನಾ ಮೀನು ಹಾಕಿ ಕೊಟ್ರು. ಇಲ್ಲಿ ಕೆಲವರಿಗೆ ಮೀನು ಮಾಂಸದ ಲೆಕ್ಕಕ್ಕೆ ಬರಲ್ಲ. ಮೀನು ಪಕ್ಕಕ್ಕೆ ಸರಿಸಿ, ಎಲೆ ತಿಂದು, ಫೋಟೋ ತೆಗೆದೆ.

ಹೊಟ್ಟೆಗಿಂತ ಗಡಿಯಾರ ಕಷ್ಟ ಕೊಡ್ತು. ಇಲ್ಲಿ ಬೆಳಗಿನ ಹತ್ತೂವರೆ ಹನ್ನೊಂದಕ್ಕೆ ಎಲ್ಲರೂ ಎದ್ದು ಹೋಗಿ ಉದ್ದನೆ ಬ್ರೆಡ್ಡಿನ ಸ್ಯಾಂಡ್‌ವಿಚ್ ತಿಂತಾರೆ, ಜೊತೆಗೆ ಆಲಿವ್, ಹುರಿದ ಶೇಂಗಾ. ಮಧ್ಯಾಹ್ನದ ಊಟ ಎರಡು ಮೂರಕ್ಕೆ. ರಾತ್ರಿ ಊಟ ಒಂಬತ್ತೂವರೆ ಹತ್ತಕ್ಕೆ. ನನಗೆ ಹನ್ನೆರಡೂವರೆಗೇ ಹಸಿವು. ಖಾಲಿ ಕ್ಯಾಂಟೀನಲ್ಲಿ ಒಬ್ಬಳೇ ಕೂತು ತಿಂದು ಏಳೋ ಹೊತ್ತಿಗೆ ಕ್ಲಾಸಿನವರು ಬರ್ತಿದ್ರು. ಜೊತೆಯಲ್ಲಿ ಉಣ್ಣೋ ಟೈಮು ತಪ್ಪಿದ್ರೆ ಸ್ನೇಹಿತರು ಹೇಗಾಗ್ತಾರೆ ಹೇಳಿ?

ಮನೆಗೆ ದಿನಾ ಫೋನು, ತಿಪಟೂರಿನ ರಾತ್ರಿ ಒಂಬತ್ತೂವರೆಗೆ. ಚಳಿಗಾಲದಲ್ಲಿ ನಮಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಹಾಗಾಗಿ ನನಗೆ ಸಂಜೆ ಐದು. ಮಾರ್ಚ್ ಕೊನೇ ಭಾನುವಾರ ಇವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿದ ಮೇಲೆ ಆರು.

"ಊಟ ಆಯ್ತಾ?"
"ಆಯ್ತಮ್ಮ."
"ಕ್ಲಾಸು?"
"ಚೆನ್ನಾಗಿದೆ."
"ಫ್ರೆಂಡ್ಸು?"
"ತುಂಬಾ ಜನ ಇದ್ದಾರೆ."

ಎರಡು ತಿಂಗಳು ಇದೇ ಮೂರು ಪ್ರಶ್ನೆ, ಇದೇ ಮೂರು ಸುಳ್ಳು. ನಮ್ಮಪ್ಪ ಫೋನ್ ತಗೊಂಡು "ದುಡ್ಡು ಸಾಕಾಗುತ್ತಾ?" ಅಂತಿದ್ರು. "ಸಾಕು" ಅಂತಿದ್ದೆ. ಅದೊಂದು ಮಾತ್ರ ನಿಜ. ಹೊರಗೆ ಹೋಗದವಳಿಗೆ ಖರ್ಚೆಲ್ಲಿ?

6/10
ಫೋಟೋ: ಪಟಾಕಿ ಹೊಗೆ, ಜನಸಾಗರ, ನಾನು ನಗ್ತಿರೋದು

ನಿಮಗೆಲ್ಲ ತುಂಬಾ ಇಷ್ಟವಾದ ಫೋಟೋ. ಮಾರ್ಚಲ್ಲಿ ಇಲ್ಲಿ ಫಾಯಸ್ ಹಬ್ಬ. 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಬೀದಿ ಬೀದಿಗೂ ದೊಡ್ಡ ದೊಡ್ಡ ಗೊಂಬೆ ನಿಲ್ಲಿಸ್ತಾರೆ, ಮಂತ್ರಿಗಳನ್ನ, ಸೆಲೆಬ್ರಿಟಿಗಳನ್ನ ಗೇಲಿ ಮಾಡೋ ಗೊಂಬೆಗಳೂ ಇರ್ತಾವೆ. ಮಾರ್ಚ್ 1ರಿಂದ 19ರವರೆಗೆ ದಿನಾ ಮಧ್ಯಾಹ್ನ ಎರಡಕ್ಕೆ ಟೌನ್ ಹಾಲ್ ಎದುರು ಮಸ್ಕ್ಲೆತಾ. ಹಾಡುಹಗಲೇ ಪಟಾಕಿ, ನೋಡೋಕಲ್ಲ, ಕೇಳೋಕೆ. ಲಯ ಏರ್ತಾ ಏರ್ತಾ ಕೊನೆಗೆ ನೆಲ ನಡುಗುತ್ತೆ. 19ರ ರಾತ್ರಿ ಆ ಗೊಂಬೆಗಳನ್ನೆಲ್ಲ ಸುಟ್ಟುಬಿಡ್ತಾರೆ.

ನನ್ನ ಪಕ್ಕ ನಿಂತು ನಗ್ತಿರೋ ಮೂವರು ಯಾರು ಅಂತ ಕೇಳಿದ್ರಿ. ಗೊತ್ತಿಲ್ಲ. ಅವರ ಫೋಟೋ ತೆಗೆದುಕೊಟ್ಟೆ, ನೀನೂ ಬಾ ಅಂತ ಕರೆದ್ರು, ಒಂದು ಸೆಲ್ಫಿ ಆಯ್ತು, ಹೋದ್ರು. ಅಷ್ಟು ಜನರ ಮಧ್ಯೆ ನಾನು ಒಬ್ಬಳೇ ಇದ್ದೆ. ಗೊಂಬೆ ಉರಿಯೋವಾಗ ಪಕ್ಕದ ಮನೆಯ ಪುಟ್ಟ ಹುಡುಗಿ ಅಳ್ತಿದ್ಲು. ಅವಳ ನೆಪದಲ್ಲಿ ನಾನೂ ಅತ್ತೆ. ಹೊಗೆ ಇತ್ತು, ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ವಾರ ಅಕೌಂಟಿಂಗ್ ಟೆಸ್ಟಿನ ಮಾರ್ಕ್ಸ್ ಬಂತು. 3,2. ಮೊದಲ ಕ್ಷಣ ಕಾಮಾ ಕಣ್ಣಿಗೆ ಬೀಳದೆ ಮೂವತ್ತೆರಡು ಅಂದುಕೊಂಡೆ. ಆಮೇಲೆ ಹೊಳೀತು, ನೂರಕ್ಕೆ ಮೂವತ್ತೆರಡು ಅಂದ್ರೂ ಫೇಲೇ. ಇಲ್ಲಿ ಹತ್ತಕ್ಕೆ ಮಾರ್ಕ್ಸ್, ಐದಕ್ಕೆ ಪಾಸು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತೆಂಟು ತಗೊಂಡವಳು ನಾನು. ಗುಮಾಸ್ತರ ಮಗಳು. ಅವತ್ತು ಮನೆಗೆ ಫೋನ್ ಮಾಡಿ "ನೆಟ್‌ವರ್ಕ್ ಸರಿ ಇಲ್ಲಮ್ಮ" ಅಂತ ಬೇಗ ಇಟ್ಟೆ.

7/10
ಫೋಟೋ: ಮೆರ್ಕಾದೊ ಸೆಂಟ್ರಾಲ್, ಬಣ್ಣದ ಗಾಜು, ತರಕಾರಿ ರಾಶಿ

ಇದು 1928ರಲ್ಲಿ ಶುರುವಾದ ಮಾರ್ಕೆಟ್ಟು. ಒಳಗೆ ನಿಂತು ಮೇಲೆ ನೋಡಿದ್ರೆ ಅರಮನೆ ಅನ್ನಿಸುತ್ತೆ, ಗುಮ್ಮಟದ ತುದಿಯಲ್ಲಿ ಗಾಳಿಗೆ ತಿರುಗೋ ಗಿಳಿ ಇದೆ. ಏಪ್ರಿಲ್ ಮೊದಲ ಶನಿವಾರ ನಿಂಬೆಹಣ್ಣು, ಶೇಂಗಾ ತಗೊಳ್ಳೋಣ ಅಂತ ಹೋದೆ.

ಅಂಗಡಿ ಮುಂದೆ ಏಳೆಂಟು ಜನ ಚೆಲ್ಲಾಪಿಲ್ಲಿ ನಿಂತಿದ್ರು. ಸಾಲು ಅಂತ ಇರಲಿಲ್ಲ. ನಾನೂ ಒಂದು ಕಡೆ ನಿಂತೆ. ನನ್ನ ಆಮೇಲೆ ಬಂದವರು ತಗೊಂಡು ಹೋದ್ರು. ಅವರ ಆಮೇಲೆ ಬಂದವರೂ ಹೋದ್ರು. ಇಪ್ಪತ್ತು ನಿಮಿಷ. ನನ್ನ ಬಣ್ಣ ನೋಡಿ ಹೀಗೆ ಮಾಡ್ತಿದ್ದಾರಾ ಅಂತ ಮನಸ್ಸು ಕಹಿಯಾಯ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಹೊರಡೋಕೆ ತಿರುಗಿದೆ.

ಆಗ ಕೈಗಾಡಿ ಎಳ್ಕೊಂಡು ಒಬ್ಬರು ಅಜ್ಜಿ ಬಂದ್ರು. ಬಂದವರೇ ಎಲ್ಲರಿಗೂ ಕೇಳಿಸೋ ಹಾಗೆ "ಕಿಯೆನ್ ಎಸ್ ಎಲ್ ಊಲ್ತಿಮೊ?" ಅಂದ್ರು. ಕೊನೆಯವರು ಯಾರು? ಪೇಪರ್ ಓದ್ತಿದ್ದ ಒಬ್ಬರು ತಲೆ ಎತ್ತದೆ "ಯೊ" ಅಂದ್ರು. ನಾನು. ಅಜ್ಜಿ ಅವರ ಮುಖ ಗುರುತಿಟ್ಟುಕೊಂಡು ನಿಶ್ಚಿಂತೆಯಿಂದ ಪಕ್ಕದ ಅಂಗಡಿಯ ಟೊಮ್ಯಾಟೊ ನೋಡೋಕೆ ಹೋದ್ರು.

ಇಲ್ಲಿ ಸಾಲು ಇದೆ. ಕಣ್ಣಿಗೆ ಕಾಣಲ್ಲ, ಅಷ್ಟೇ. ಬಂದವರು ಕೊನೆಯವರು ಯಾರು ಅಂತ ಕೇಳ್ತಾರೆ, ಅವರ ಹಿಂದೆ ತಮ್ಮ ಜಾಗ ಇಟ್ಕೊಳ್ತಾರೆ. ನಾನು ಕೇಳೇ ಇರಲಿಲ್ಲ. ಅಲ್ಲಿದ್ದವರಿಗೆ ನಾನು ಸುಮ್ಮನೆ ಮಾರ್ಕೆಟ್ ನೋಡ್ತಾ ನಿಂತಿರೋ ಟೂರಿಸ್ಟು.

ಗಂಟಲು ಒಣಗಿತ್ತು. ಆದ್ರೂ ಕೇಳಿದೆ. ಅಜ್ಜಿ ದೂರದಿಂದಲೇ ಕೈ ಎತ್ತಿ "ಯೊ, ಗುವಾಪಾ" ಅಂದ್ರು. ಗುವಾಪಾ ಅಂದ್ರೆ ಚೆಲುವೆ, ನಮ್ಮ ಕಡೆ "ಕಣವ್ವ" ಅನ್ನೋ ಹಾಗೆ ಪ್ರೀತಿಗೆ ಅನ್ನೋ ಮಾತು. ಎರಡು ನಿಮಿಷಕ್ಕೆ ಇನ್ಯಾರೋ ಬಂದು ಕೇಳಿದ್ರು. ಈಗ ಕೊನೆಯವಳು ನಾನು. "ಯೊ" ಅಂದೆ. ಈ ಊರಲ್ಲಿ ನಾನು ಸುಳ್ಳಿಲ್ಲದೆ, ಸರಿಯಾಗಿ ಹೇಳಿದ ಮೊದಲ ಪದ ಅದು ಅನ್ನಿಸುತ್ತೆ.

8/10
ಫೋಟೋ: ಟಿಶ್ಯೂ ಪೇಪರ್ ಮೇಲೆ ಪೆನ್ನಲ್ಲಿ ಬರೆದ ಬ್ಯಾಲೆನ್ಸ್ ಶೀಟು

ಇಲ್ಲಿ ಮೇಷ್ಟ್ರುಗಳಿಗೆ ವಾರದಲ್ಲಿ ಇಂತಿಷ್ಟು ಗಂಟೆ ತುತೊರಿಯಾ ಅಂತ ಇರುತ್ತೆ. ಆ ಹೊತ್ತಿಗೆ ಹೋಗಿ ಡೌಟ್ ಕೇಳಬಹುದು. ಎರಡು ತಿಂಗಳಿಂದ ಆ ಹಾಳೆ ಬಾಗಿಲ ಮೇಲೆ ಅಂಟಿಸೇ ಇತ್ತು. ನಾನು ಹೋಗದಿದ್ದದ್ದಕ್ಕೆ ಒಂದು ಕಾರಣ ಭಾಷೆ, ಇನ್ನೊಂದು ಸಂಕೋಚ. ಇಲ್ಲಿ ಮೇಷ್ಟ್ರನ್ನ ಹೆಸರು ಹಿಡಿದು, ನೀನು ಅಂತ ಏಕವಚನದಲ್ಲಿ ಕರೀತಾರೆ. ನನ್ನ ನಾಲಿಗೆ ಹೊರಳೋದೇ ಇಲ್ಲ.

ಸೋಮವಾರ ಹೋದೆ. ಹೆಸರು ಬಿಟ್ಟು ಮಾತಾಡಿದೆ. "ನನಗೆ ಅರ್ಥ ಆಗ್ತಿಲ್ಲ" ಅಂದೆ. ಎಲ್ಲಿಂದ ಅಂದ್ರು. ಮೊದಲ ದಿನದಿಂದ ಅಂದೆ. ಅವರು ನಗಲಿಲ್ಲ. ಪೆನ್ನು ಕೊಟ್ಟು, ನಿಮ್ಮ ಕಡೆ ಹೇಗೆ ಬರೀತೀರಿ ತೋರಿಸು ಅಂದ್ರು. ಬರೆದೆ. ಎಡಕ್ಕೆ ಹೊಣೆ, ಬಲಕ್ಕೆ ಆಸ್ತಿ. ಸ್ವಲ್ಪ ಹೊತ್ತು ನೋಡಿ, "ನಿನಗೆ ಲೆಕ್ಕ ಬರುತ್ತೆ. ಇದನ್ನ ನಿನ್ನ ಗ್ರೂಪಿಗೂ ತೋರಿಸು" ಅಂದ್ರು.

ಫೋಟೋದಲ್ಲಿರೋ ಟಿಶ್ಯೂ ಅದೇ. ಕೆಫೆಯಲ್ಲಿ ಮೂವರ ಮುಂದೆ ಬರೆದು ತೋರಿಸಿದೆ. ಒಬ್ಬ ಕೇಳಿದ, "ಇಷ್ಟು ಗೊತ್ತಿದ್ದೂ ಯಾಕೆ ಒಂದು ದಿನವೂ ಮಾತಾಡಲಿಲ್ಲ?"
"ನೀವು ಕೆಲಸ ಕೊಡಲಿಲ್ಲ" ಅಂದೆ.
"ಕೇಳಿದಾಗೆಲ್ಲ ನೀನು ಬಾಲೆ ಅಂತಿದ್ದೆ. ಆಮೇಲೆ ಏನೂ ಕಳಿಸ್ತಿರಲಿಲ್ಲ. ಇಷ್ಟ ಇಲ್ಲ ಅಂದುಕೊಂಡ್ವಿ."

ನನ್ನ ಹತ್ರ ಉತ್ತರ ಇರಲಿಲ್ಲ.

ಗ್ರೂಪಲ್ಲಿ ಒಬ್ಬ ಹುಡುಗಿ ಇದ್ಲು, ಕ್ಲಾಸ್ ಮುಗಿದ ತಕ್ಷಣ ಬ್ಯಾಗ್ ಎತ್ತಿಕೊಂಡು ಓಡೋಳು. ಜಂಬದವಳು ಅಂತ ಮನಸ್ಸಲ್ಲೇ ಹೆಸರಿಟ್ಟಿದ್ದೆ. ಅವತ್ತು ಕೇಳಿದೆ, ಎಲ್ಲಿರೋದು ನೀನು ಅಂತ. ಪಯ್‌ಪೋರ್ತಾ ಅಂದ್ಲು. 2024ರ ಅಕ್ಟೋಬರ್ 29ರ ಪ್ರವಾಹದಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಆ ದಿನ ಈ ಪ್ರಾಂತ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ರು. ಅವಳ ಮನೆಯ ಕೆಳಗಿನ ಮಹಡಿ ಪೂರ್ತಿ ಕೆಸರಾಗಿತ್ತು. ಆ ಕಡೆಯ ಮೆಟ್ರೋ ತಿಂಗಳುಗಟ್ಟಲೆ ಬಂದ್. ಬಸ್ ತಪ್ಪಿದ್ರೆ ಕಷ್ಟ, ಅದಕ್ಕೇ ಓಡ್ತಿದ್ದದ್ದು.

ಈ ವಲೆನ್ಸಿಯಾ ಊರ ನಡುವೆ ತೂರಿಯಾ ಅಂತ ಉದ್ದನೆ ಪಾರ್ಕ್ ಇದೆ. 1957ರ ಪ್ರವಾಹ ಆದ್ಮೇಲೆ ನದಿಯನ್ನೇ ಊರಾಚೆಗೆ ತಿರುಗಿಸಿ, ಹಳೇ ಪಾತ್ರದಲ್ಲಿ ಮಾಡಿದ ತೋಟ. ಅಲ್ಲಿ ದಿನಾ ಒಬ್ಬಳೇ ವಾಕ್ ಮಾಡ್ತಾ, ನನ್ನನ್ನ ಯಾರೂ ಕೇಳಲ್ಲ ಅಂತ ಕೊರಗ್ತಿದ್ದೆ. ನಾನು ಯಾರನ್ನ ಕೇಳಿದ್ದೆ?

9/10
ಫೋಟೋ: ಮೆಟ್ಟಿಲ ಮೇಲೆ ಮೇಣದಬತ್ತಿ, ದೊಡ್ಡ ಪಾತ್ರೆ ಚಿತ್ರಾನ್ನ

ಏಪ್ರಿಲ್ 28. ಮಧ್ಯಾಹ್ನ ಹನ್ನೆರಡೂವರೆಗೆ ಕರೆಂಟ್ ಹೋಯ್ತು. ನಮ್ಮ ಬೀದಿಗೆ ಅಂದುಕೊಂಡೆ. ಸ್ಪೇನ್, ಪೋರ್ಚುಗಲ್ ಎರಡಕ್ಕೂ ಹೋಗಿತ್ತು. ಮೆಟ್ರೋ ನಿಂತ್ವು, ಸಿಗ್ನಲ್ ನಿಂತ್ವು, ಕಾರ್ಡ್ ಮೆಷಿನ್ ನಿಂತ್ವು, ಸ್ವಲ್ಪ ಹೊತ್ತಿಗೆ ಫೋನೂ ಹೋಯ್ತು.

ನನ್ನ ಫ್ಲಾಟ್‌ಮೇಟ್ಸ್ ಇಬ್ಬರ ಹತ್ರ ಒಂದು ಯೂರೋ ಕ್ಯಾಷ್ ಇರಲಿಲ್ಲ. ನನ್ನ ಹತ್ರ ಇತ್ತು. "ಕೈಯಲ್ಲಿ ಸ್ವಲ್ಪ ರೊಕ್ಕ ಇರಲಿ" ಅನ್ನೋದು ಅಪ್ಪನ ಪಾಠ. ಚಟ್ನಿಪುಡಿ ಡಬ್ಬದ ಹಿಂದೆ ಅರವತ್ತು ಯೂರೋ ಇಟ್ಟಿದ್ದೆ. ಬ್ಯಾಟರಿ, ಮೇಣದಬತ್ತಿ, ನೀರು ತಂದೆ. ಎದುರು ಮನೆಯ ಸಿನ್ಯೋರಾ ಬಾಗಿಲಲ್ಲಿ ನಿಂತಿದ್ರು, ಅವರದು ಕರೆಂಟ್ ಒಲೆ. ಕೆಳಗಿನವರದೂ ಅದೇ. ಇಡೀ ಬಿಲ್ಡಿಂಗಲ್ಲಿ ನಮ್ಮ ಓಬಿರಾಯನ ಕಾಲದ ಸಿಲಿಂಡರ್ ಒಲೆ ಮಾತ್ರ ಕಡ್ಡಿ ಗೀರಿದ್ರೆ ಹತ್ತುತ್ತಿತ್ತು.

ಮನೇಲಿದ್ದ ಅಕ್ಕಿ ಪೂರ್ತಿ ಹಾಕಿ ಚಿತ್ರಾನ್ನ ಮಾಡಿದೆ. ವಲೆನ್ಸಿಯಾ ಅಕ್ಕಿಯ ನಾಡು, ಪಯೆಯಾ ಹುಟ್ಟಿದ್ದೇ ಇಲ್ಲಿ. ಗುಂಡಗಿನ ಅಕ್ಕಿ, ನಿಂಬೆ, ಶೇಂಗಾ, ಅರಿಶಿನ ಎಲ್ಲಾ ಇತ್ತು. ಕರಿಬೇವು ಮಾತ್ರ ಇರಲಿಲ್ಲ. ಕೊನೆಗೆ ಮೇಲೆ ನಮ್ಮೂರ ಕೊಬ್ಬರಿ ತುರಿದು ಹಾಕಿದೆ. ಮೆಟ್ಟಿಲ ಮೇಲೆ ಕೂತು ಹನ್ನೊಂದು ಜನ ತಿಂದ್ವಿ. ಅವರು ಬ್ರೆಡ್ಡು, ಆಲಿವ್, ಕಿತ್ತಳೆ ತಂದ್ರು. ಮಧ್ಯದಲ್ಲಿ ಯಾರದೋ ಹಳೇ ರೇಡಿಯೋ.

"ಪಿಕಾ?" ಅಂತ ಎಲ್ಲರದೂ ಒಂದೇ ಪ್ರಶ್ನೆ. ಖಾರನಾ? "ಉನ್ ಪೋಕೊ" ಅಂದೆ. ಸ್ವಲ್ಪ. ಸಿನ್ಯೋರಾಗೆ ಕಣ್ಣಲ್ಲಿ ನೀರು ಬಂತು, ಆದ್ರೂ ಎರಡನೇ ಸಲ ಹಾಕಿಸಿಕೊಂಡ್ರು.

"ನಿನಗೆ ಭಯ ಆಗಲ್ವಾ?" ಅಂತ ಕೇಳಿದ್ರು. "ನಮ್ಮೂರಲ್ಲಿ ಬೇಸಿಗೆ ಬಂದ್ರೆ ಇದು ವಾರವಾರದ ಕಾರ್ಯಕ್ರಮ" ಅಂತ ನನಗೆ ಬರೋ ಅಷ್ಟು ಸ್ಪ್ಯಾನಿಷ್‌ನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ನಾನು ಸ್ಪ್ಯಾನಿಷ್‌ನಲ್ಲಿ ಹೇಳಿದ ಮೊದಲ ಜೋಕು. ವ್ಯಾಕರಣ ತಪ್ಪಿತ್ತು, ನಗು ಸರಿಯಿತ್ತು.

ರಾತ್ರಿ ನಮ್ಮ ಬೀದಿಗೆ ಕರೆಂಟ್ ಬಂದಾಗ ಬಾಲ್ಕನಿಗಳಿಂದ ಚಪ್ಪಾಳೆ. ನಮ್ಮ ಕಡೆ ಮಕ್ಕಳು "ಹೋ" ಅಂತ ಕೂಗ್ತೀವಲ್ಲ, ಹಾಗೇ.

10/10
ಫೋಟೋ: ಅಮ್ಮನ ವಿಡಿಯೋ ಕಾಲ್ ಸ್ಕ್ರೀನ್‌ಶಾಟ್, ಹಿಂದೆ ಗೋಡೆ ಮೇಲೆ ಎರಡು ಗಡಿಯಾರ

ಅವತ್ತು ಫೋನ್ ಸಿಕ್ಕಿದ್ದು ನಮ್ಮ ಕಡೆ ನಡುರಾತ್ರಿ ದಾಟಿದ ಮೇಲೆ. ಅಮ್ಮ ಒಂದೇ ರಿಂಗಿಗೆ ಎತ್ತಿದ್ಲು. ಟಿವಿಯಲ್ಲಿ ಸುದ್ದಿ ನೋಡಿ ಇಬ್ಬರೂ ಮಲಗಿರಲಿಲ್ಲ.

"ಊಟ ಆಯ್ತಾ?" ಇಷ್ಟಾದ್ರೂ ಮೊದಲ ಪ್ರಶ್ನೆ ಅದೇ.

"ಇವತ್ತು ಆಯ್ತಮ್ಮ. ಹನ್ನೊಂದು ಜನ ಜೊತೆಯಲ್ಲಿ ಉಂಡ್ವಿ" ಅಂದೆ. ಅಂದವಳು ಅಳೋಕೆ ಶುರು ಮಾಡಿದೆ. ಒಂದೊಂದಾಗಿ ಎಲ್ಲಾ ಹೇಳಿದೆ. ಬಿಸಿನೀರು, ಟ್ಯೂನಾ, 3,2.

ಅಮ್ಮ ಸುಮ್ಮನಿದ್ದು ಹೇಳಿದ್ಲು. "ನನಗೆ ಗೊತ್ತಿತ್ತು ಕಣೆ. ಗೋಡೆ ಮೇಲೆ ನಿನ್ನ ಟೈಮಿಂದೂ ಒಂದು ಗಡಿಯಾರ ಹಾಕಿದೀನಿ. ಸಂಜೆ ಐದು ಗಂಟೆಗೆ ಯಾರ ಮನೇಲಿ ರಾತ್ರಿ ಊಟ ಆಗುತ್ತೆ? ನೀನಾಗೇ ಹೇಳಲಿ ಅಂತ ಕಾಯ್ತಿದ್ದೆ."

ಅಪ್ಪ ಫೋನ್ ಇಸ್ಕೊಂಡ್ರು. ಬೈತಾರೆ ಅಂದುಕೊಂಡೆ.

"ಎಷ್ಟಕ್ಕೆ ಪಾಸು?"
"ಐದಕ್ಕೆ."
"ಹಂಗಾದ್ರೆ ಎಷ್ಟು ಕಮ್ಮಿ ಬಿತ್ತು?"
"ಒಂದು ಪಾಯಿಂಟ್ ಎಂಟು."
"ಸರಿ. ಎಷ್ಟು ಬಾಕಿ ಅಂತ ಗೊತ್ತಾಯ್ತಲ್ಲ. ಬರೆದಿಟ್ಟ ಬಾಕಿ ತೀರುತ್ತೆ ಮಗ. ಬರೀದೇ ಮುಚ್ಚಿಟ್ಟಿದ್ದೇ ಮಂಡಿ ಮುಳುಗಿಸೋದು. ಕೇಳು, ಯಾರನ್ನಾದ್ರೂ ಕೇಳು. ಬಾಯಿದ್ದೋನು ಬರಗಾಲದಲ್ಲೂ ಬದುಕಿದ."

ಆಮೇಲೆ ಒಂದೂವರೆ ತಿಂಗಳು ಓದಿದೆ. ಪಯ್‌ಪೋರ್ತಾದವಳು ಬಸ್ ಬರೋವರೆಗೆ ಸ್ಟಾಪಲ್ಲೇ ನನಗೆ ಖಾತೆ ನಂಬರ್ ಕಂಠಪಾಠ ಮಾಡಿಸಿದ್ಲು. ಫೈನಲ್ ಬರೆದಿದ್ದೀನಿ. ಮಾರ್ಕ್ಸ್ ಇನ್ನೂ ಬಂದಿಲ್ಲ. ಬಂದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಪಾಸಾದ್ರೆ ಇದು ಸಾಧನೆಯ ಕಥೆಯಾಗುತ್ತೆ, ಫೇಲಾದ್ರೆ ಬರೆಯೋ ಧೈರ್ಯ ಇರಲ್ಲ. ಅದಕ್ಕೇ ಇವತ್ತೇ ಹಾಕ್ತಿದ್ದೀನಿ.

ಬರೋರಿಗೆ ಎರಡು ಮೂರು ಮಾತು. ಶನಿವಾರವೇ ಸಾಮಾನು ತಂದಿಟ್ಕೊಳ್ಳಿ. ಮಧ್ಯಾಹ್ನ ಎರಡರವರೆಗೆ ಹಸಿವು ತಡ್ಕೊಳ್ಳಿ, ಜೊತೆಯಲ್ಲಿ ಉಣ್ಣಿ. ಮಾಂಸ ಬೇಡ ಅಂದ್ರೆ ಸಾಲದು, ಮೀನೂ ಬೇಡ ಅನ್ನಿ. ಅರ್ಥ ಆಗದಿದ್ದಾಗ ದಯವಿಟ್ಟು ಬಾಲೆ ಅನ್ನಬೇಡಿ.

ಇಲ್ಲಿ ಲಿಫ್ಟಲ್ಲಿ ಸಿಕ್ಕ ಅಪರಿಚಿತರೂ ಇಳಿಯೋವಾಗ "ಅಸ್ತಾ ಲುಯೆಗೊ" ಅಂತಾರೆ. ಮತ್ತೆ ಸಿಗೋಣ ಅಂತ. ಸಿಗಲ್ಲ ಅಂತ ಇಬ್ಬರಿಗೂ ಗೊತ್ತಿರುತ್ತೆ. ನಾವು ಹೋಗ್ತೀನಿ ಅನ್ನೋ ಬದಲು ಬರ್ತೀನಿ ಅನ್ನಲ್ವಾ, ಹಾಗೆ. ಮುಂದಿನ ವಾರ ಈ ಬಿಲ್ಡಿಂಗಿನ ಹನ್ನೊಂದು ಜನಕ್ಕೂ ಅದನ್ನೇ ಹೇಳ್ಬೇಕು.

ನಿನ್ನೆ ಕೊನೇ ಸಲ ಮಾರ್ಕೆಟ್ಟಿಗೆ ಹೋಗಿದ್ದೆ, ಮನೆಗೆ ಒಯ್ಯೋಕೆ ಬಾದಾಮಿ ತರೋಣ ಅಂತ. ಅಂಗಡಿ ಪಕ್ಕ ಒಬ್ಬ ಹುಡುಗ ಬ್ಯಾಗ್ ಅಪ್ಪಿಕೊಂಡು ನಿಂತಿದ್ದ. ನೋಡಿದ್ರೆ ಹೊಸಬ. ಬಂದವರೆಲ್ಲ ತಗೊಂಡು ಹೋಗ್ತಿದ್ರು, ಅವನ ಮುಖ ಸಣ್ಣದಾಗ್ತಾ ಇತ್ತು. ಹತ್ರ ಹೋಗಿ ಹೇಳಿದೆ, ಕೊನೆಯವರು ಯಾರು ಅಂತ ಕೇಳ್ಬೇಕು ಅಂತ.

ಅವನು ನನ್ನನ್ನೇ ಕೇಳಿದ. "ಕಿಯೆನ್ ಎಸ್ ಎಲ್ ಊಲ್ತಿಮೊ?"

"ಯೊ" ಅಂದೆ.